ಟನ್ನು ತೂಗಿದರು, ವಿಷ ಅಳೆಯಲಿಲ್ಲ

ಮಂಗಳೂರಿನಿಂದ ಹುಬ್ಬಳ್ಳಿಯವರೆಗೆ ಯಾವ ಬಾರ್ ಅಂಡ್ ರೆಸ್ಟೋರೆಂಟಿನ ಮೆನು ಬಿಡಿಸಿದರೂ ‘ಪ್ರಾನ್ಸ್ ಕೋಲಿವಾಡಾ’ ಎಂಬ ಸಾಲು ಕಣ್ಣಿಗೆ ಬೀಳುತ್ತದೆ. ಕಡಲೆಹಿಟ್ಟು, ಓಮ, ಖಾರದ ಪುಡಿ ಹಚ್ಚಿ ಕರಿದ ಸಿಗಡಿ. ತಿನ್ನುವವರಲ್ಲಿ ಹೆಚ್ಚಿನವರು ಕೋಲಿವಾಡಾ ಎಂದರೆ ಒಂದು ಬಗೆಯ ಮಸಾಲೆ ಎಂದೇ ತಿಳಿದಿದ್ದಾರೆ. ಅದು ಮಸಾಲೆಯಲ್ಲ, ಊರು. ಮುಂಬಯಿಯ ಆಂಟಾಪ್ ಹಿಲ್‌ಗೆ ತಾಗಿಕೊಂಡೇ ಇರುವ ಸಾಯನ್ ಕೋಲಿವಾಡಾ, ಅಂದರೆ ಕೋಲಿ ಮೀನುಗಾರರ ಕೇರಿ. ದೇಶ ವಿಭಜನೆಯ ನಂತರ ಅಲ್ಲಿಗೆ ಬಂದು ನೆಲೆಸಿದ ಪಂಜಾಬಿ ನಿರಾಶ್ರಿತರ ಬಾಣಲೆಯಲ್ಲಿ ಆ ತಿಂಡಿ ಹುಟ್ಟಿತು ಎನ್ನುತ್ತಾರೆ. ಹಾರ್ಬರ್ ಲೈನಿನ ರೈಲು ನಿಲ್ದಾಣಕ್ಕೂ ಹಿಂದೆ ಕೋಲಿವಾಡಾ ಎಂದೇ ಹೆಸರಿತ್ತು. ಈಗ ಅದು ಗುರು ತೇಗ್ ಬಹಾದೂರ್ ನಗರ. ಹೆಸರು ನಿಲ್ದಾಣದ ಬೋರ್ಡಿನಿಂದ ಹೋಯಿತು, ಮೀನು ನೀರಿನಿಂದ ಹೋಯಿತು, ಎರಡೂ ಉಳಿದಿರುವುದು ಮೆನು ಕಾರ್ಡಿನಲ್ಲಿ ಮಾತ್ರ.

ಹೆಸರು ಹೋದದ್ದಕ್ಕೆ ಸರ್ಕಾರಿ ಆದೇಶದ ದಾಖಲೆ ಇರುತ್ತದೆ. ಮೀನು ಹೋದದ್ದಕ್ಕೆ ದಾಖಲೆ ಇರುವುದು ಕೆಸರಿನಲ್ಲಿ. ಆ ಕೆಸರನ್ನು ಮುಂಬಯಿ ಮಹಾನಗರಪಾಲಿಕೆ ಪ್ರತಿವರ್ಷ ಎತ್ತುತ್ತದೆ, ತೂಗುತ್ತದೆ, ಲಾರಿಗೆ ತುಂಬುತ್ತದೆ, ಬಿಲ್ಲು ಪಾವತಿಸುತ್ತದೆ. ಓದುವುದೊಂದನ್ನು ಮಾತ್ರ ಮಾಡುವುದಿಲ್ಲ.

ಆಂಟಾಪ್ ಹಿಲ್‌ನ ನಕ್ಷೆಯನ್ನು ಒಮ್ಮೆ ನೋಡಬೇಕು. ಒಂದು ಕಡೆ ಕೇಂದ್ರ ಸರ್ಕಾರಿ ನೌಕರರ ಸಾಲುಸಾಲು ವಸತಿ, ಇನ್ನೊಂದು ಕಡೆ ಗೋದಾಮುಗಳು, ಲಾರಿ ಅಡ್ಡೆ, ಜೋಪಡಿಗಳು, ಅವುಗಳ ನಡುವೆ ಎದ್ದು ನಿಂತ ಹೊಸ ಗೋಪುರಗಳು. ಪಕ್ಕದ ವಡಾಲಾದಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆ. ಹಾಗಾಗಿ ಈ ಪ್ರದೇಶ ಕನ್ನಡಿಗರಿಗೆ ತೀರ ಅಪರಿಚಿತವೇನಲ್ಲ. ಪೂರ್ವಕ್ಕೆ ಉಪ್ಪಿನ ಆಗರಗಳು, ಕಾಂಡ್ಲಾ ಕಾಡು, ಅದರಾಚೆ ಮಾಹುಲ್ ಖಾಡಿ, ಶಿವಡಿಯ ಕೆಸರು ಬಯಲು, ಠಾಣೆ ಖಾಡಿ. ಆಂಟಾಪ್ ಹಿಲ್, ಸಾಯನ್, ವಡಾಲಾ, ಚೆಂಬೂರಿನ ಮಳೆನೀರು ನಾಲಾಗಳಲ್ಲಿ ಹರಿದು ಸೇರುವುದು ಆ ಕಡೆಗೇ. ಹೆಸರಿಗೆ ಮಳೆನೀರಿನ ನಾಲಾ; ವರ್ಷದ ಎಂಟು ತಿಂಗಳು ಅದರಲ್ಲಿ ಹರಿಯುವುದು ಮನೆಗಳ ಕೊಳಚೆ, ಗ್ಯಾರೇಜುಗಳ ಎಣ್ಣೆ, ಸಣ್ಣ ವರ್ಕ್‌ಶಾಪುಗಳು ತೊಳೆದು ಬಿಟ್ಟ ನೀರು. ಖಾಡಿಯ ಇನ್ನೊಂದು ದಡದಲ್ಲಿ ಎರಡು ತೈಲ ಶುದ್ಧೀಕರಣ ಘಟಕಗಳು, ರಸಗೊಬ್ಬರ ಕಾರ್ಖಾನೆ, ರಾಸಾಯನಿಕ ದಾಸ್ತಾನು ಟ್ಯಾಂಕುಗಳು, ವಿದ್ಯುತ್ ಸ್ಥಾವರ. ಇವೆಲ್ಲದರ ನಡುವೆ ಮಾಹುಲ್, ಟ್ರಾಂಬೆಯ ಕೋಲಿವಾಡಾಗಳು ಇಂದಿಗೂ ದೋಣಿ ಇಳಿಸುತ್ತವೆ.

ಪ್ರತಿ ಬೇಸಿಗೆಯಲ್ಲಿ ಇಲ್ಲಿ ನಡೆಯುವ ವಿಧಿಯ ಹೆಸರು ‘ನಾಲೇಸಫಾಯಿ’. ಮೇ 31ರ ಗಡುವು. ಪೊಕ್ಲೇನ್ ಯಂತ್ರ ನಾಲಾಕ್ಕಿಳಿಯುತ್ತದೆ, ಕಪ್ಪು ಕೆಸರನ್ನು ಎತ್ತಿ ದಂಡೆಯ ಮೇಲೆ ಸುರಿಯುತ್ತದೆ, ಎರಡು ಮೂರು ದಿನ ಅದು ಅಲ್ಲೇ ಬಸಿದು ಒಣಗುತ್ತದೆ, ಬಸಿದದ್ದು ಮತ್ತೆ ನಾಲಾಕ್ಕೇ ಹೋಗುತ್ತದೆ, ಉಳಿದದ್ದು ಲಾರಿ ಹತ್ತುತ್ತದೆ. ನಗರದಾದ್ಯಂತ ಲಕ್ಷಾಂತರ ಟನ್. ಶೇಕಡಾ ಎಷ್ಟು ಮುಗಿಯಿತು ಎಂಬ ಅಂಕಿ ಪತ್ರಿಕೆಗಳಲ್ಲಿ ಕ್ರಿಕೆಟ್ ಸ್ಕೋರಿನಂತೆ ಬರುತ್ತದೆ. ಲಾರಿಗಳಿಗೆ ಜಿಪಿಎಸ್, ತೂಕದ ಸೇತುವೆಯಲ್ಲಿ ಕ್ಯಾಮೆರಾ, 2025ರಿಂದ ವಿಡಿಯೊಗಳನ್ನು ತಾಳೆ ನೋಡಲು ಕೃತಕ ಬುದ್ಧಿಮತ್ತೆ ಕೂಡ ಬಂತು. ಇಷ್ಟೆಲ್ಲ ಬುದ್ಧಿಮತ್ತೆ ಉತ್ತರಿಸುವುದು ಒಂದೇ ಪ್ರಶ್ನೆಗೆ: ಎಷ್ಟು ಎತ್ತಿದಿರಿ? ಏನನ್ನು ಎತ್ತಿದಿರಿ, ಅದರಲ್ಲಿ ಸೀಸ ಎಷ್ಟು, ಪಾದರಸ ಎಷ್ಟು, ಕ್ರೋಮಿಯಂ ಎಷ್ಟು, ಅದನ್ನು ಯಾರ ಹೊಲದ ಪಕ್ಕ ಸುರಿದಿರಿ ಎಂದು ಕೇಳುವ ಕ್ಯಾಮೆರಾವನ್ನು ಯಾರೂ ಅಳವಡಿಸಿಲ್ಲ.

ಎಷ್ಟು ಎಂಬ ಪ್ರಶ್ನೆಗಾದರೂ ನೆಟ್ಟಗಿನ ಉತ್ತರ ಸಿಕ್ಕಿತೇ? 2025ರ ಮೇ ತಿಂಗಳಲ್ಲಿ ಮುಂಬಯಿ ಪೊಲೀಸರ ಆರ್ಥಿಕ ಅಪರಾಧ ವಿಭಾಗ ಮೀಠಿ ನದಿಯ ಹೂಳೆತ್ತುವ ಕಾಮಗಾರಿಯಲ್ಲಿ ಪಾಲಿಕೆಗೆ ಸುಮಾರು 65 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಪ್ರಕರಣ ದಾಖಲಿಸಿತು. ಅಧಿಕಾರಿಗಳು, ಗುತ್ತಿಗೆದಾರರು, ಮಧ್ಯವರ್ತಿಗಳು ಸೇರಿ 13 ಮಂದಿಯ ಮೇಲೆ ಆರೋಪ. ಹೂಳು ಸುರಿಯುವ ಜಾಗದ ಕರಾರುಪತ್ರಗಳೇ ನಕಲಿ ಎಂಬುದು ಆರೋಪಗಳಲ್ಲೊಂದು. ಅದರ ಸತ್ಯಾಸತ್ಯ ನ್ಯಾಯಾಲಯ ನೋಡಿಕೊಳ್ಳಲಿ. ಆದರೆ ಆ ಪ್ರಕರಣದ ಸುತ್ತ ಎದ್ದ ಗದ್ದಲವನ್ನು ಗಮನಿಸಿ. ವಾರಗಟ್ಟಲೆ ಚರ್ಚೆ ನಡೆದದ್ದು ದುಡ್ಡಿನ ಬಗ್ಗೆ, ಯಂತ್ರಗಳ ಬಾಡಿಗೆಯ ಬಗ್ಗೆ, ವಿಚಾರಣೆಗೆ ಹೋದ ಸಿನಿಮಾ ನಟನ ಬಗ್ಗೆ. ಜಾಗದ ಕಾಗದವೇ ಸುಳ್ಳಾಗಿದ್ದರೆ ಆ ಕೆಸರು ನಿಜವಾಗಿ ಹೋಗಿ ಬಿದ್ದದ್ದೆಲ್ಲಿ, ಯಾವ ಬಾವಿಯ ಪಕ್ಕ, ಯಾವ ಖಾಡಿಯ ಬಾಯಲ್ಲಿ ಎಂದು ಕೇಳಿದ ಧ್ವನಿ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಕದ್ದದ್ದು ದುಡ್ಡಾದರೆ ಅಪರಾಧ. ಸುರಿದದ್ದು ವಿಷವಾದರೆ ಬರೇ ಕಾಮಗಾರಿ.

ಇದಕ್ಕೆ ಪಾಲಿಕೆಯನ್ನೊಂದೇ ಬೈದು ಪ್ರಯೋಜನವಿಲ್ಲ. ಹೂಳು ಎಂಬ ಮಾತಿನ ಬಗ್ಗೆಯೇ ಜನರಲ್ಲಿ ಒಂದು ಹಳೆಯ ಮಮತೆ ಇದೆ, ಕನ್ನಡಿಗರಲ್ಲಂತೂ ತುಸು ಹೆಚ್ಚೇ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ಕೆರೆಗೋಡು ಹೊಡೆದು ಹೊಲಕ್ಕೆ ಹಾಕುವುದು ಬಯಲುಸೀಮೆಯ ಬೇಸಾಯದ ಭಾಗವೇ ಆಗಿತ್ತು. ಕೆರೆಗೂ ಆಳ, ಹೊಲಕ್ಕೂ ಸಾರ. ಹೂಳೆತ್ತಿಸುವುದು ಪುಣ್ಯದ ಕೆಲಸ. ಶಾಸನಗಳಲ್ಲಿ ಅದಕ್ಕೆಂದೇ ದತ್ತಿ ಬಿಟ್ಟ ಉಲ್ಲೇಖಗಳಿವೆ. ಆ ಗೋಡಿನಲ್ಲಿದ್ದದ್ದು ಮೇಲಿನ ಗುಡ್ಡದ ಮಣ್ಣು, ಕೊಳೆತ ಎಲೆ, ಸಗಣಿ. ಆ ಪುಣ್ಯದ ನೆನಪನ್ನು ಇಟ್ಟುಕೊಂಡೇ ಜನ ಈಗಿನ ಕಪ್ಪು ಕೆಸರನ್ನೂ ನೋಡುತ್ತಾರೆ. ಬೆಳ್ಳಂದೂರು ಕೆರೆಯ ಹೂಳನ್ನು ರೈತರಿಗೆ ಗೊಬ್ಬರವಾಗಿ ಕೊಡುವ ಮಾತು ಬಂದಾಗ ಅದು ಒಳ್ಳೆಯ ಯೋಜನೆಯಂತೆಯೇ ಕೇಳಿಸಿತು. ಅದೇ ಕೆರೆಯ ತಳದಲ್ಲಿ ಭಾರಲೋಹಗಳಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದರು; ಅದೇ ಕೆರೆಗೆ 2017ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದಿತ್ತು. ಹೆಸರು ಒಂದೇ ಉಳಿದು ವಸ್ತು ಬೇರೆಯಾದರೆ ಹೀಗಾಗುತ್ತದೆ.

ಕೆಸರು ಮೀನನ್ನು ಕೊಲ್ಲುವ ಬಗೆ ಒಂದಲ್ಲ. ಥಟ್ಟನೆ ಕೊಲ್ಲುವುದು ಆಮ್ಲಜನಕದ ಕೊರತೆ. ಮೀನು ಬದುಕಲು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಹೇಳುತ್ತದೆ. ಕೊಳಚೆ ಕೊಳೆಯುವ ತಳ ಅದನ್ನು ನುಂಗಿಬಿಡುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದ ಚಿತ್ರ ಅನೇಕರ ನೆನಪಿನಲ್ಲಿರಬಹುದು. ಅದು ಕಾಣುವ ಸಾವು, ಫೋಟೊ ತೆಗೆಯಬಹುದಾದ ಸಾವು. ಕಾಣದ್ದು ಇನ್ನೊಂದು. ಖಾಡಿಯ ತಳದ ಕೆಸರಿನಲ್ಲಿ ಆಮ್ಲಜನಕವಿಲ್ಲ, ಗಂಧಕವಿದೆ. ಸಮುದ್ರದ ನೀರು ಅದನ್ನು ಧಾರಾಳವಾಗಿ ಒದಗಿಸುತ್ತದೆ. ಸೀಸ, ಕ್ಯಾಡ್ಮಿಯಂ, ಸತು ಆ ಗಂಧಕದ ಜತೆ ಗಂಟುಬಿದ್ದು ತಳದಲ್ಲಿ ಕೂರುತ್ತವೆ. ಪಾದರಸ ಇನ್ನೂ ಕಪಟಿ. ಗಂಧಕವನ್ನು ಉಸಿರಾಡುವ ಅದೇ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ, ಆ ರೂಪದಲ್ಲಿ ಅದು ಜೀವಕೋಶದೊಳಗೆ ನುಸುಳುತ್ತದೆ. ಕೆಸರು ತಿನ್ನುವ ಹುಳು, ಹುಳು ತಿನ್ನುವ ಏಡಿ, ತಳ ಮೇಯುವ ಬೋಯಿ ಮೀನು, ಇವನ್ನು ತಿನ್ನುವ ದೊಡ್ಡ ಮೀನು, ಕೊನೆಗೆ ತಟ್ಟೆ. ಮೆಟ್ಟಿಲು ಏರಿದಂತೆ ಪ್ರಮಾಣವೂ ಏರುತ್ತದೆ. ಕರಾವಳಿಯವರು ಮರುವಾಯಿ ಎಂದು ಕರೆದು ಪುಂಡಿಗೆ ಹಾಕುವ ಚಿಪ್ಪುಮೀನು ದಿನವಿಡೀ ನೀರು ಸೋಸಿ ಬದುಕುವ ಜೀವಿ. ಸೋಸಿದ ಲೋಹ ಅದರ ಮೈಯಲ್ಲೇ ಉಳಿಯುತ್ತದೆ.

ಈಗ ಈ ಕೆಸರಿಗೆ ಪೊಕ್ಲೇನಿನ ಬಕೆಟ್ ಹಾಕಿ ಕಲಕಿದರೆ? ಗಾಳಿ ತಗಲುತ್ತದೆ, ಗಂಧಕದ ಗಂಟು ಬಿಚ್ಚುತ್ತದೆ, ಮಲಗಿದ್ದ ಲೋಹ ನೀರಿಗಿಳಿಯುತ್ತದೆ, ಮುಂದಿನ ಇಳಿತದಲ್ಲಿ ಖಾಡಿಗೆ ಹೋಗುತ್ತದೆ. ಅಂದರೆ ಪರೀಕ್ಷೆಯಿಲ್ಲದ ಹೂಳೆತ್ತುವಿಕೆ ಮೀನಿಗೆ ಸುಮ್ಮನಿರುವುದಕ್ಕಿಂತ ಕೆಟ್ಟದ್ದು. ಪ್ರವಾಹ ತಡೆಯಲು ಮಾಡಿದ ಕೆಲಸ ಪ್ರವಾಹವನ್ನಾದರೂ ತಡೆಯಿತೇ ಎಂಬುದನ್ನು ಪ್ರತಿ ಜುಲೈಯಲ್ಲಿ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ಟಿನಲ್ಲಿ ಮೊಣಕಾಲು ನೀರಿನಲ್ಲಿ ನಿಂತವರು ಹೇಳಲಿ.

ಠಾಣೆ ಖಾಡಿಯ ಪಾದರಸ ಹೊಸ ಸುದ್ದಿಯೇನಲ್ಲ. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1981ರಲ್ಲೇ ಅದರ ಬಗ್ಗೆ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬರೆದರು. ಆಮೇಲಿನ ನಾಲ್ಕು ದಶಕಗಳಲ್ಲಿ ಖಾಡಿಯ ಕೆಸರಿನ ಮೇಲೆ ಪ್ರಬಂಧಗಳು ಬಂದವು, ಪಿಎಚ್‌.ಡಿ.ಗಳಾದವು. 2010ರ ಆಗಸ್ಟ್ 7ರಂದು ಬಂದರಿನ ಬಾಯಲ್ಲಿ ಎಂಎಸ್‌ಸಿ ಚಿತ್ರಾ ಮತ್ತು ಖಲೀಜಾ-3 ಹಡಗುಗಳು ಡಿಕ್ಕಿ ಹೊಡೆದು ನೂರಾರು ಟನ್ ಎಣ್ಣೆ ಚೆಲ್ಲಿತು, ಕಂಟೇನರುಗಳು ನೀರಿಗೆ ಬಿದ್ದವು. ಮೀನು ಕೊಳ್ಳುವವರಿಲ್ಲದೆ ಮಾರುಕಟ್ಟೆಗಳು ಬಣಗುಟ್ಟಿದವು. ನೀರಿನ ಮೇಲಿನ ಎಣ್ಣೆಯನ್ನು ಕ್ಯಾಮೆರಾಗಳು ನೋಡಿದವು. ಕಾಂಡ್ಲಾದ ಬುಡಕ್ಕೆ ಇಳಿದದ್ದನ್ನು ನೋಡಲು ಯಾರೂ ಉಳಿಯಲಿಲ್ಲ.

ಇಷ್ಟು ಹೇಳಿದ ಕೂಡಲೇ ಬರುವ ಮೊದಲ ಉತ್ತರ: ಫ್ಲೆಮಿಂಗೊ. ಖಾಡಿ ಅಷ್ಟು ಕೆಟ್ಟಿದ್ದರೆ ಶಿವಡಿಗೆ, ಠಾಣೆಗೆ ಗುಲಾಬಿ ಹಕ್ಕಿಗಳು ಸಾವಿರಗಟ್ಟಲೆ ಯಾಕೆ ಬರುತ್ತವೆ? 2015ರಲ್ಲಿ ಅಭಯಾರಣ್ಯ, 2022ರಲ್ಲಿ ರಾಮ್ಸಾರ್ ಪಟ್ಟ, ಇನ್ನೇನು ಬೇಕು? ಬೇಕಾದದ್ದು ಹಕ್ಕಿ ಏನು ತಿನ್ನುತ್ತದೆಂಬ ತಿಳಿವಳಿಕೆ. ಫ್ಲೆಮಿಂಗೊ ಮೀನು ಹಿಡಿಯುವ ಹಕ್ಕಿಯಲ್ಲ, ಪಾಚಿ ಸೋಸಿ ತಿನ್ನುವ ಹಕ್ಕಿ. ಕೊಳಚೆಯ ಸಾರಜನಕ, ರಂಜಕ ಉಂಡು ಪಾಚಿ ಬೆಳೆಯುತ್ತದೆ. ಹಕ್ಕಿಗಳ ಸಂಖ್ಯೆ ಏರಿದ್ದಕ್ಕೆ ಅದೂ ಒಂದು ಕಾರಣವೆಂದು ಪಕ್ಷಿತಜ್ಞರೇ ಹೇಳಿದ್ದಾರೆ. ಆ ಗುಲಾಬಿ ಬಣ್ಣವನ್ನು ಖಾಡಿಯ ಆರೋಗ್ಯದ ಸರ್ಟಿಫಿಕೇಟೆಂದು ತೋರಿಸುವುದು ಜ್ವರದಿಂದ ಕೆಂಪಾದ ಕೆನ್ನೆ ನೋಡಿ ಮಗು ಗುಂಡುಕಲ್ಲಿನಂತಿದೆ ಎಂದ ಹಾಗೆ.

ಎರಡನೆಯ ಉತ್ತರ ಸ್ವಲ್ಪ ಗಂಭೀರವಾದದ್ದು. ತಳದ ವಿಷವನ್ನು ಕೆದಕಬೇಡಿ, ಹೊಸ ಹೂಳು ಅದರ ಮೇಲೆ ಕೂತು ತಾನೇ ಮುಚ್ಚಿಕೊಳ್ಳುತ್ತದೆ ಎಂಬ ವಾದ. ಕೆಲವು ಕಡೆ ಇದು ಸರಿಯೇ. ಶಿವಡಿಯ ಕೆಸರು ಬಯಲಿಗೆ ಯಂತ್ರ ಇಳಿಸಬೇಕೆಂದು ಬುದ್ಧಿ ಇದ್ದವರು ಯಾರೂ ಹೇಳಲಾರರು. ಆದರೆ ಮೇಲೆ ಕೂರುವ ಹೊಸ ಹೂಳು ಶುದ್ಧವಾಗಿದ್ದರೆ ಮಾತ್ರ ಮುಚ್ಚಿಕೊಳ್ಳುವ ಮಾತು. ಕೊಳಚೆಯ ಮೇಲೆ ಕೊಳಚೆ ಕೂತರೆ ಅದು ಮುಚ್ಚಳವಲ್ಲ, ಇನ್ನೊಂದು ಪದರ. ಅಲ್ಲದೆ ಈ ವಾದ ಹೇಳುವ ಪಾಲಿಕೆಯೇ ಪ್ರತಿ ಬೇಸಿಗೆ ನಾಲಾಗಳನ್ನು ಕೆದಕುತ್ತಿದೆಯಲ್ಲ! ಕೆದಕಬಾರದೆಂದರೆ ಎಲ್ಲೂ ಕೆದಕಬಾರದು. ಕೆದಕುವುದಾದರೆ ತಿಳಿದು ಕೆದಕಬೇಕು.

ತಿಳಿದು ಕೆದಕಿದವರ ಉದಾಹರಣೆಗಳಿವೆ. ಜಪಾನಿನ ಮಿನಾಮಾತಾ ಕೊಲ್ಲಿಯಲ್ಲಿ ಕೆಸರಿನಲ್ಲಿ 25 ಪಿಪಿಎಂಗಿಂತ ಹೆಚ್ಚು ಪಾದರಸ ಇದ್ದ ಜಾಗವನ್ನೆಲ್ಲ ಗುರುತಿಸಿ, 1977ರಿಂದ 1990ರವರೆಗೆ ಕೆಲಸ ಮಾಡಿ, ಸುಮಾರು 7.8 ಲಕ್ಷ ಘನ ಮೀಟರ್ ಕೆಸರನ್ನು ಹೀರಿ ತೆಗೆದು, ತೀರದಲ್ಲಿ ತಡೆಗೋಡೆ ಕಟ್ಟಿದ 58 ಹೆಕ್ಟೇರಿನೊಳಗೆ ಹಾಕಿ ಮೇಲೆ ಶುದ್ಧ ಮಣ್ಣು ಮುಚ್ಚಿದರು. ವಿಷದ ಮೀನು ಹೊರಗೆ ಹೋಗದಂತೆ ಕೊಲ್ಲಿಗೆ ಅಡ್ಡಲಾಗಿ ಕಟ್ಟಿದ್ದ ಬಲೆಯನ್ನು ಪೂರ್ತಿ ತೆಗೆದದ್ದು 1997ರಲ್ಲಿ. ಆ ದಿನವನ್ನು ನಿರ್ಧರಿಸಿದ್ದು ಎತ್ತಿದ ಟನ್ನುಗಳಲ್ಲ, ಮೀನಿನ ಮಾಂಸದ ಪರೀಕ್ಷೆ. ವೆಚ್ಚದ ದೊಡ್ಡ ಪಾಲನ್ನು ಹೊರಬೇಕಾಗಿ ಬಂದದ್ದು ಪಾದರಸ ಬಿಟ್ಟ ಚಿಸ್ಸೊ ಕಂಪನಿ. ಅಮೆರಿಕದ ಹಡ್ಸನ್ ನದಿಯಲ್ಲಿ 1947ರಿಂದ 1977ರವರೆಗೆ ಪಿಸಿಬಿ ಎಂಬ ರಾಸಾಯನಿಕ ಬಿಟ್ಟ ಜನರಲ್ ಎಲೆಕ್ಟ್ರಿಕ್ ಕಂಪನಿ 2009ರಿಂದ 2015ರವರೆಗೆ ತನ್ನದೇ ಖರ್ಚಿನಲ್ಲಿ ಕೆಸರು ತೆಗೆಯಬೇಕಾಯಿತು. ಅಲ್ಲಿ ಇನ್ನೂ ಮೀನು ತಿನ್ನುವ ಬಗ್ಗೆ ಎಚ್ಚರಿಕೆ ಜಾರಿಯಲ್ಲಿದೆ, ಅದನ್ನೂ ಮುಚ್ಚಿಡಬೇಕಾಗಿಲ್ಲ. ಕೆಸರು ತೆಗೆದ ಮರುದಿನ ಮೀನು ಶುದ್ಧವಾಗುವುದಿಲ್ಲ, ಒಂದು ತಲೆಮಾರು ಬೇಕು. ಅದು ಈಗಲೇ ಶುರು ಮಾಡಲು ಕಾರಣವೇ ಹೊರತು ಕೈಬಿಡಲು ಅಲ್ಲ.

ದೇಶದೊಳಗಿನ ಉದಾಹರಣೆ ಅಷ್ಟು ಹೆಮ್ಮೆಯದ್ದಲ್ಲ. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಕಾರ್ಖಾನೆಯ ಆವರಣದ ಮಣ್ಣಿನಲ್ಲಿ ಕಿಲೋಗೆ ಎಷ್ಟು ಮಿಲಿಗ್ರಾಂ ಪಾದರಸ ಉಳಿಯಬಹುದು ಎಂಬುದರ ಮೇಲೆಯೇ ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆಯಿತು. ಊರ ನಡುವಿನ ಕೆರೆಯ ಕೆಸರಿನಲ್ಲಿ, ಮೀನಿನಲ್ಲಿ ಪಾದರಸ ಇದೆಯೆಂದು ವಿಜ್ಞಾನಿಗಳು ಬರೆದದ್ದು ಆ ಜಗ್ಗಾಟದ ಅಂಚಿನಲ್ಲೇ ಉಳಿಯಿತು. ಬೇಲಿಯೊಳಗಿನ ಮಣ್ಣಿಗೆ ಒಡೆಯನಿದ್ದಾನೆ. ನೀರಿನಡಿಯ ಕೆಸರಿಗೆ ಇಲ್ಲ.

ಮಾಹುಲಿನ ಕಥೆಯೂ ಇದೇ. 2020ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಲ್ಲಿನ ನಾಲ್ಕು ಕಂಪನಿಗಳು ಒಟ್ಟು 286 ಕೋಟಿ ರೂಪಾಯಿ ತೆರಬೇಕೆಂದು ಆದೇಶಿಸಿತು. ಅದು ಗಾಳಿಗಾಗಿ. ಉಸಿರಾಡಲಾಗದೆ ಕಷ್ಟಪಟ್ಟ ಜನರ ಹೋರಾಟಕ್ಕೆ ಸಿಕ್ಕ ನ್ಯಾಯ, ಸಣ್ಣದೇನಲ್ಲ. ಆದರೆ ಅದೇ ಊರಿನ ಖಾಡಿಯ ತಳಕ್ಕೆ ಇದುವರೆಗೆ ಬೆಲೆ ಕಟ್ಟಿಲ್ಲ. ಖಾಡಿಯಾಚೆಯ ಉರಣ್‌ನಲ್ಲಿ 2015ರಲ್ಲಿ ಅದೇ ನ್ಯಾಯಮಂಡಳಿ 1,630 ಮೀನುಗಾರ ಕುಟುಂಬಗಳಿಗೆ 95 ಕೋಟಿಗೂ ಮಿಕ್ಕಿ ಪರಿಹಾರ ಕೊಡಬೇಕೆಂದಿತು. ಮೀನುಗಾರನ ನಷ್ಟವೂ ಲೆಕ್ಕಕ್ಕೆ ಬರುವ ನಷ್ಟ ಎಂದು ಒಪ್ಪಿದ ಆದೇಶ ಅದು. ಆದರೂ ಪರಿಹಾರವೆಂದರೆ ಕಳೆದುಹೋದ ಮೀನಿನ ಬೆಲೆ, ಮೀನು ಮರಳಿ ಬರುವ ದಾರಿಯಲ್ಲ.

2025ರ ಜುಲೈಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಹೊಸ ನಿಯಮಗಳನ್ನು ತಂದಿತು. ಸ್ಥಳೀಯ ಸಂಸ್ಥೆ ಅನುಮಾನವಿರುವ ಜಾಗಗಳ ಪಟ್ಟಿ ಕೊಡಬೇಕು, ರಾಜ್ಯ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಬೇಕು, ಕೆಡಿಸಿದವನೇ ದುಡ್ಡು ಕೊಡಬೇಕು. ಚೆನ್ನಾಗಿದೆ. ಆದರೆ ಸಮುದ್ರದ ಎಣ್ಣೆ ಮಾಲಿನ್ಯ ಆ ನಿಯಮಗಳ ಹೊರಗೆ, ಕಸದ ರಾಶಿಯೂ ಹೊರಗೆ. ಮುಂಬಯಿಯ ಖಾಡಿಗಳ ಕೆಸರಿನಲ್ಲಿ ಇರುವುದೋ ಎಣ್ಣೆ, ಕೊಳಚೆ, ಕಸದ ಸೋರಿಕೆ, ಲೋಹ ಎಲ್ಲವೂ ಕಲಸಿದ ಮುದ್ದೆ. ಯಾವ ಪಾಲು ಯಾವ ಕಾನೂನಿನದೆಂದು ಬಿಡಿಸುವುದರಲ್ಲೇ ವಕೀಲರ ತಲೆಮಾರೊಂದು ಬದುಕಿಕೊಳ್ಳಬಹುದು. ಮೇಲಾಗಿ ಕೆಸರಿನಲ್ಲಿ ಲೋಹ ಎಷ್ಟಿದ್ದರೆ ಅಪಾಯ ಎಂಬುದಕ್ಕೆ ದೇಶದ್ದೇ ಆದ ಮಾನದಂಡವಿಲ್ಲ. ಸಂಶೋಧಕರು ಅಮೆರಿಕ, ಕೆನಡಾದ ಕೋಷ್ಟಕಗಳನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸುತ್ತಾರೆ. ಮೀನಿಗೆ ಮಾತ್ರ ಮಿತಿ ಇದೆ: ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ಸಾಮಾನ್ಯ ಮೀನಿನಲ್ಲಿ ಪಾದರಸ ಕಿಲೋಗೆ 0.5 ಮಿಲಿಗ್ರಾಂ ದಾಟಬಾರದು. ಅಂದರೆ ಕಾನೂನು ಹಿಡಿಯುವುದು ಮೀನು ಮಾರುವವಳ ಬುಟ್ಟಿಯನ್ನು, ಆ ಮೀನು ಮೇಯ್ದ ತಳವನ್ನಲ್ಲ.

ಮುಂಬಯಿಯ ಮೀನಿನ ವ್ಯಾಪಾರದೊಡನೆ ಕನ್ನಡ ಕರಾವಳಿಯ ನಂಟು ನೂರು ವರ್ಷಕ್ಕೂ ಹಳೆಯದು. ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ ಹುಟ್ಟಿದ್ದು 1902ರಲ್ಲಿ. ಸಸೂನ್ ಡಾಕಿನ ದೋಣಿಗಳಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಈಗ ಬೇರೆ ಬೇರೆ ಉದ್ಯೋಗಗಳಲ್ಲಿದ್ದಾರೆ, ಆದರೆ ಭಾನುವಾರದ ಮೀನಿನ ಚೀಲ ತಪ್ಪಿಲ್ಲ. ಕೊಳ್ಳುವಾಗ ಕೇಳುವ ಪ್ರಶ್ನೆ ಬದಲಾಗಿದೆ. ಹಿಂದೆ ‘ತಾಜಾ ಇದೆಯಾ?’ ಈಗ ‘ಎಲ್ಲಿಯದು?’ ಖಾಡಿಯದ್ದು ಎಂದರೆ ಮುಖ ತಿರುಗುತ್ತದೆ. ಹಾಗಾಗಿ ಖಾಡಿಯ ಬೋಯಿ, ಖಾಡಿಯ ಏಡಿ ಬೇರೆ ಹೆಸರು ಹೇಳಿಕೊಂಡು, ಇಲ್ಲವೇ ಅಗ್ಗದ ಬೆಲೆಗೆ, ಹೆಚ್ಚು ಪ್ರಶ್ನೆ ಕೇಳಲಾಗದವರ ಮನೆ ಸೇರುತ್ತವೆ. ‘ಅಲ್ಲಿ ಈಗ ಯಾರು ಮೀನು ಹಿಡಿಯುತ್ತಾರೆ?’ ಎಂದು ಕೇಳುವ ಎಂಜಿನಿಯರುಗಳಿಗೆ ಇದೇ ಉತ್ತರ: ಹಿಡಿಯುತ್ತಾರೆ, ತಿನ್ನುತ್ತಾರೆ, ಬಸುರಿಯರೂ ತಿನ್ನುತ್ತಾರೆ, ಮೀಥೈಲ್ ಪಾದರಸ ಅತಿ ಹೆಚ್ಚು ಹಾನಿ ಮಾಡುವುದು ಹೊಟ್ಟೆಯೊಳಗಿನ ಮಗುವಿನ ಮಿದುಳಿಗೆ.

ದುಡ್ಡಿನ ಮಾತು ಬಂದೇ ಬರುತ್ತದೆ. ಏಳು ಹೊಸ ಕೊಳಚೆ ಶುದ್ಧೀಕರಣ ಘಟಕಗಳಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು, ವೆಚ್ಚ ಸುಮಾರು 17,200 ಕೋಟಿ. ಅವು ಮುಗಿದು, ನಾಲಾಗಳಿಗೆ ಸೇರುವ ಕೊಳಚೆ ನಿಜವಾಗಿ ಅವುಗಳಿಗೆ ತಿರುಗಿದರೆ ಮೊದಲ ಹೆಜ್ಜೆ ಇಟ್ಟಂತೆ. ನಲ್ಲಿ ತಿರುಗಿಸದೆ ನೆಲ ಒರೆಸುವುದರಲ್ಲಿ ಅರ್ಥವಿಲ್ಲ. ಬೆಳ್ಳಂದೂರಿನಲ್ಲಿ ಆದದ್ದು ಅದೇ. 2018ರ ಡಿಸೆಂಬರ್‌ನಲ್ಲಿ ನ್ಯಾಯಮಂಡಳಿ 500 ಕೋಟಿ ತೆಗೆದಿಡಲು ಹೇಳಿದ ಮೇಲೂ ಗಡುವಿನ ಮೇಲೆ ಗಡುವು ದಾಟಿತು, ಕೊಳಚೆ ಬರುತ್ತಲೇ ಇತ್ತು. ಇಷ್ಟು ದೊಡ್ಡ ಮೊತ್ತಗಳ ಪಕ್ಕದಲ್ಲಿ ಕೆಸರಿನ ಪರೀಕ್ಷೆಯ ಖರ್ಚು ಚಿಲ್ಲರೆ ಕಾಸು. ಒಂದು ಕೊಳವೆಯನ್ನು ತಳಕ್ಕಿಳಿಸಿ ಒಂದೂವರೆ ಮೀಟರ್ ಉದ್ದದ ಕೆಸರಿನ ಕಂಬ ಎತ್ತಿ, ಪದರ ಪದರವಾಗಿ ಕೊಯ್ದು ನೋಡಿದರೆ ಯಾವ ದಶಕದಲ್ಲಿ ಏನು ಬಂದು ಬಿತ್ತು ಎಂಬುದು ಪಂಚಾಂಗದಂತೆ ಬಿಚ್ಚಿಕೊಳ್ಳುತ್ತದೆ. ಈ ವಿದ್ಯೆ ಬಲ್ಲವರು ಟ್ರಾಂಬೆಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿದ್ದಾರೆ, ಆಂಟಾಪ್ ಹಿಲ್‌ನಿಂದ ಬಸ್ಸಿನಲ್ಲಿ ಹೋಗುವಷ್ಟು ದೂರ. ತೀರ ಕೆಟ್ಟ ಕೆಸರನ್ನು ಒಯ್ದು ಹಾಕಲು ತಳೋಜಾದಲ್ಲಿ ಅಪಾಯಕಾರಿ ತ್ಯಾಜ್ಯದ ಘಟಕವಿದೆ. ಪರಿಣತಿಯೂ ಇದೆ, ಜಾಗವೂ ಇದೆ.

ಮಾಹುಲಿನಲ್ಲಿ ಮಳೆನೀರು ಎತ್ತಿ ಹಾಕುವ ದೊಡ್ಡ ಪಂಪಿಂಗ್ ಸ್ಟೇಷನ್ ಬರಬೇಕಾಗಿದೆ. 1993ರ ಬ್ರಿಮ್‌ಸ್ಟೊವಾಡ್ ವರದಿಯ ಎಂಟು ಸ್ಟೇಷನ್ನುಗಳಲ್ಲಿ ಆರು ಆಗಿವೆ, ಇದು ಜಾಗದ ತಗಾದೆಯಲ್ಲಿ ಸಿಕ್ಕಿಕೊಂಡು ವರ್ಷಗಳಾದವು. ಅದು ಬಂದರೆ ಆಂಟಾಪ್ ಹಿಲ್, ವಡಾಲಾದ ಮನೆಗಳಿಗೆ ನುಗ್ಗುವ ನೀರು ಕಡಿಮೆಯಾಗಬಹುದು, ಆಗಲಿ. ಅದೇ ಪಂಪು ನಾಲಾದ ತಳವನ್ನೂ ಬಾಚಿಕೊಂಡು ಮೊದಲಿಗಿಂತ ಬಿರುಸಾಗಿ ಖಾಡಿಗೆ ಎಸೆಯುತ್ತದೆ. ಅದರ ಮುಂದೆ ಕೆಸರು ತಂಗುವ ತೊಟ್ಟಿ ಇರಬೇಕು, ಆ ತೊಟ್ಟಿಯ ಕೆಸರಿಗೆ ಪರೀಕ್ಷೆ ಇರಬೇಕು ಎಂಬ ಷರತ್ತು ಹಾಕಲು ಸರಿಯಾದ ಸಮಯ ಯಂತ್ರ ಬರುವ ಮೊದಲು. 2022ರ ಮಾರ್ಚ್‌ನಿಂದ ವರ್ಷಗಟ್ಟಲೆ ಪಾಲಿಕೆಯಲ್ಲಿ ಚುನಾಯಿತ ಕಾರ್ಪೊರೇಟರುಗಳೇ ಇಲ್ಲದೆ ಆಡಳಿತಾಧಿಕಾರಿಯ ಸಹಿಯಲ್ಲೇ ಹೂಳಿನ ಟೆಂಡರುಗಳು ಹೊರಟವು. ಆ ಟೆಂಡರುಗಳಲ್ಲಿ ಕೆಸರಿನ ತೂಕಕ್ಕೆ, ಲಾರಿಯ ನಂಬರಿಗೆ, ವಿಡಿಯೊದ ನಿಮಿಷಕ್ಕೆ ಕಲಮುಗಳಿವೆ. ಇನ್ನೊಂದು ಕಲಮು ಸೇರಿಸಲು ಬೇಕಾಗುವುದು ಅರ್ಧ ಪುಟ: ಪ್ರತಿ ನಾಲಾದ ಕೆಸರನ್ನು ಎತ್ತುವ ಮೊದಲು ಪರೀಕ್ಷಿಸಬೇಕು, ಫಲಿತಾಂಶವನ್ನು ವಾರ್ಡ್ ಕಚೇರಿಯ ಬಾಗಿಲಲ್ಲೂ ಮಾಹುಲ್, ಟ್ರಾಂಬೆಯ ಮೀನು ಮಾರುಕಟ್ಟೆಗಳಲ್ಲೂ ಮರಾಠಿಯಲ್ಲಿ ಅಂಟಿಸಬೇಕು, ಗುತ್ತಿಗೆದಾರನ ಕೊನೆಯ ಕಂತನ್ನು ಆ ವರ್ಷ ಖಾಡಿಯಲ್ಲಿ ಹಿಡಿದ ಬೋಯಿ ಮೀನಿನ ಪರೀಕ್ಷಾ ವರದಿ ಬಂದ ಮೇಲೆಯೇ ಪಾವತಿಸಬೇಕು. ಮುಂದಿನ ನಾಲೇಸಫಾಯಿಯ ಟೆಂಡರು ಹೊರಡುವ ಮೊದಲು ಅದನ್ನು ಬರೆಸಲು ಇನ್ನೂ ಸಮಯವಿದೆ.